ತಪ್ಪು ಅವರದ್ದು, ದುಡ್ಡು ನಮ್ಮದು!

ಕನ್ನಡದ ತರುಣರೇ, ನಿಮ್ಮಲ್ಲಿ ಅನೇಕರು ಸಾಫ್ಟ್‌ವೇರ್ ಕಂಪನಿಗಳಲ್ಲೇ ದುಡಿಯುವವರು. ನಿಮಗೇ ಈ ಪ್ರಶ್ನೆ. ಬೀಗ ಮಾರಿದವನಿಗೆ ಅದರ ದೋಷ ಗೊತ್ತಾಯಿತು ಅನ್ನಿ. ‘ದುಡ್ಡಿಟ್ಟರೆ ಸರಿಮಾಡುತ್ತೇನೆ, ಏನು ಕೆಟ್ಟಿದೆ ಅಂತ ಹೇಳೋದಕ್ಕೂ ದುಡ್ಡು’ ಅಂದರೆ ಸುಮ್ಮನೆ ಬರುತ್ತೀರಾ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಪುಕ್ಕಟೆ ಪ್ಯಾಚ್ ಕೊಡುವುದನ್ನು ನಿಲ್ಲಿಸಿತು. ಪ್ಯಾಚ್ ಅಂದರೆ ತೇಪೆ. ಅವರೇ ಬಿಟ್ಟ ತೂತಿಗೆ ಅವರೇ ಹಾಕುವ ತೇಪೆ. ಇನ್ನೊಂದು ವರ್ಷ ಬೇಕೇ? 30 ಡಾಲರ್ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗ್‌ಗಳನ್ನು ನಮ್ಮ ಕ್ಲೌಡ್‌ಗೆ ಒಪ್ಪಿಸಿ, ಅದೂ ಆಗದಿದ್ದರೆ 1000 ರಿವಾರ್ಡ್ ಪಾಯಿಂಟ್ ಕೊಡಿ ಎಂದಿತು. ಯೂರೋಪಿನ ಗ್ರಾಹಕರ ಸಂಘಟನೆ ಯೂರೋಕನ್ಸ್ಯೂಮರ್ಸ್ ಇದನ್ನು ಪ್ರಶ್ನಿಸಿತು. ಆ ಸೆಪ್ಟೆಂಬರ್‌ನಲ್ಲೇ ಕಂಪನಿ ಮಣಿಯಿತು. ಯೂರೋಪಿಯನ್ ಆರ್ಥಿಕ ವಲಯದವರು ಕಂಪನಿಯ ಖಾತೆಯೊಂದರಿಂದ ಲಾಗಿನ್ ಆದರೆ ಸಾಕು, ತೇಪೆ ಪುಕ್ಕಟೆ! ತೂತೂ ಅದೇ, ತೇಪೆಯೂ ಅದೇ. ಬೆಲ್ಜಿಯಂನವನಿಗೆ ರಿಯಾಯಿತಿ, ಬಸವನಗುಡಿಯವನಿಗೆ ಷರತ್ತು. ಅವರು ಕೇಳಿದರು. ನಾವು ಕೇಳಲಿಲ್ಲ.

2017ರ ಮೇ ತಿಂಗಳ ವನ್ನಾಕ್ರೈ ದಾಳಿ ನೆನಪಿದೆಯೇ? ವಿಂಡೋಸ್ ಎಕ್ಸ್‌ಪಿಗೆ ಪುಕ್ಕಟೆ ತೇಪೆ ನಿಂತು ಆಗಲೇ ಮೂರು ವರ್ಷವಾಗಿತ್ತು. ಆ ತೂತಿಗೆ ಎಕ್ಸ್‌ಪಿ ತೇಪೆ ಇರಲಿಲ್ಲವೇ? ಇತ್ತು, ವಿಶೇಷ ಒಪ್ಪಂದಕ್ಕೆ ಹಣ ತೆತ್ತವರಿಗೆ ಮಾತ್ರ. ಜಗತ್ತೆಲ್ಲ ಬೊಬ್ಬೆ ಎದ್ದ ಮೇಲೆ ಎಲ್ಲರಿಗೂ ಬಿಟ್ಟರು. (ಏಟು ತಿಂದವರಲ್ಲಿ ಪುಕ್ಕಟೆ ತೇಪೆಯಿದ್ದೂ ಹಾಕಿಕೊಳ್ಳದ ವಿಂಡೋಸ್ 7ರವರೇ ಹೆಚ್ಚು. ನಮ್ಮ ಸೋಮಾರಿತನಕ್ಕೂ ಒಂದು ಛೀಮಾರಿ ಇರಲಿ.)

ತೇಪೆಯ ಕಥೆ ಹೀಗಾದರೆ ಮಾಹಿತಿಯದು ಇನ್ನೊಂದು. ಒರಾಕಲ್ ಡೇಟಾಬೇಸ್‌ನ ದೋಷಗಳ ಬಗ್ಗೆ ಕಂಪನಿಯ ವಿವರವಾದ ಟಿಪ್ಪಣಿ ಓದಲೂ ಹಣ ತೆತ್ತ ಬೆಂಬಲ ಒಪ್ಪಂದ ಬೇಕು. ಡೆಬಿಯನ್ ಲಿನಕ್ಸ್ ನೋಡಿ. ದೋಷಗಳನ್ನು ಮುಚ್ಚಿಡುವುದಿಲ್ಲ ಎಂದು 1997ರಲ್ಲೇ ಬರೆದುಕೊಟ್ಟವರು ಅವರು. ದೋಷಗಳ ಪಟ್ಟಿ ಯಾರು ಬೇಕಾದರೂ ಓದಬಹುದು, ತೇಪೆಗೆ ಕಾಸಿಲ್ಲ. ಅದನ್ನು ಕನ್ನಡದಲ್ಲೇ ಇನ್‌ಸ್ಟಾಲ್ ಮಾಡಿಕೊಳ್ಳಬಹುದು ಸ್ವಾಮಿ!

ನಡುರಾತ್ರಿ ಫೋನ್ ಎತ್ತಿಕೊಂಡು ಸಹಾಯ ಮಾಡುವ ಎಂಜಿನಿಯರ್‌ಗೆ ಸಂಬಳ ಬೇಡವೇ? ಖಂಡಿತ ಬೇಕು. ಆ ಸೇವೆಗೆ ದುಡ್ಡು ಕೇಳಲಿ, ಕೊಡೋಣ. ತಮ್ಮದೇ ತಪ್ಪನ್ನು ತಿದ್ದಲು, ತಪ್ಪು ಎಲ್ಲಿದೆ ಎಂದು ಹೇಳಲು ಕೇಳುವುದು ವ್ಯಾಪಾರವಲ್ಲ, ಸುಲಿಗೆ.

ಕಂಪನಿಗಳಿಗೂ ಕಚೇರಿಗಳಿಗೂ ಮೈಕ್ರೋಸಾಫ್ಟ್ ಹೇಳಿದ ದರ ಬೇರೆ: ಕಂಪ್ಯೂಟರ್ ಒಂದಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷವರ್ಷಕ್ಕೂ ದುಪ್ಪಟ್ಟು. ಸರ್ಕಾರಿ ಕಚೇರಿಯ ಕಂಪ್ಯೂಟರ್‌ಗೆ ಹೋಗುವ ಪ್ರತಿ ಪೈಸೆಯೂ ನಮ್ಮ ತೆರಿಗೆ ಹಣ. ಸಾಫ್ಟ್‌ವೇರ್ ಕೊಳ್ಳುವ ಟೆಂಡರ್‌ನಲ್ಲೇ ಕರ್ನಾಟಕ ಸರ್ಕಾರ ಷರತ್ತು ಹಾಕಲಿ: ಬಳಕೆಯಲ್ಲಿರುವಷ್ಟು ಕಾಲ ಭದ್ರತೆಯ ತೇಪೆ ಉಚಿತ, ದೋಷದ ವಿವರ ಬಹಿರಂಗ, ಎಚ್ಚರಿಕೆಯ ಸೂಚನೆ ಕನ್ನಡದಲ್ಲಿ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ನಿಮ್ಮ ತಾಲ್ಲೂಕು ಕಚೇರಿಯಲ್ಲಿ ವಿಂಡೋಸ್ 10 ಇರುವ ಕಂಪ್ಯೂಟರ್ ಎಷ್ಟು, ಅವಕ್ಕೆ ತೇಪೆ ಬರುತ್ತಿದೆಯೇ, ಅದಕ್ಕೆ ಕೊಟ್ಟ ಹಣವೆಷ್ಟು ಎಂದು ಈ ವಾರವೇ ಕೇಳಿ. ಉತ್ತರ ಕನ್ನಡದಲ್ಲೇ ಬೇಕೆಂದು ಬರೆಯಿರಿ.