ತಬಲಾ ಇಲ್ಲದ ಹತ್ತು ರಾಗಗಳು

ಮಕ್ಕಳೇ, ಈ ವಾರ ಒಂದು ಗ್ರಾಮಫೋನ್ ತಟ್ಟೆಯ ಕಥೆ. ತಟ್ಟೆ ಎಂದರೇನೆಂದು ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕೂತಿರುವ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. ಅವರು ಕೈ ಅಗಲಿಸಿ ಅದರ ಅಳತೆ ತೋರಿಸುತ್ತಾರೆ.

ಆ ತಟ್ಟೆ ಮಾಡಿದವರು ಮುಂಬೈಯ ಚರಣ್‌ಜಿತ್ ಸಿಂಗ್. ಈ ಹೆಸರನ್ನು ಹಿರಿಯರೂ ಕೇಳಿರಲಾರರು. ಆದರೆ ಅವರ ವಾದನವನ್ನು ಬಹುಶಃ ಕೇಳಿದ್ದಾರೆ. ಆರ್.ಡಿ. ಬರ್ಮನ್ ಅವರಂಥ ಸಂಗೀತ ನಿರ್ದೇಶಕರ ವಾದ್ಯಗೋಷ್ಠಿಯಲ್ಲಿ ಕೂತು ಹಿಂದಿ ಸಿನಿಮಾ ಹಾಡುಗಳಿಗೆ ಗಿಟಾರು, ಕೀಬೋರ್ಡು ನುಡಿಸುತ್ತಿದ್ದವರು ಅವರು. ತೆರೆಯ ಮೇಲೆ ನಟರ ಹೆಸರು, ತಟ್ಟೆಯ ಮೇಲೆ ಗಾಯಕರ ಹೆಸರು. ಹಿಂದೆ ಕೂತು ನುಡಿಸಿದವರ ಹೆಸರು ಹೆಚ್ಚಾಗಿ ಎಲ್ಲೂ ಇರುತ್ತಿರಲಿಲ್ಲ.

1980ರ ಆಚೀಚೆ ಹಿಂದಿ ಸಿನಿಮಾಗಳಿಗೆ ಡಿಸ್ಕೋ ಹುಚ್ಚು ಹಿಡಿದಿತ್ತು. ಅದೇ ಹೊತ್ತಿಗೆ ಸಿಂಗ್ ಅವರ ಕೈಗೆ ಜಪಾನಿನ ರೋಲ್ಯಾಂಡ್ ಕಂಪನಿಯ ಹೊಸ ಯಂತ್ರಗಳು ಬಂದವು. ಒಂದು ತಾಳದ ಯಂತ್ರ, ಟಿಆರ್-808. ಅದರಲ್ಲಿ ಸಾಲಾಗಿ 16 ಗುಂಡಿಗಳು. ಯಾವ ಗುಂಡಿಯ ಮೇಲೆ ಪೆಟ್ಟು ಬೀಳಬೇಕೆಂದು ನೀವು ಗುರುತು ಮಾಡಿಟ್ಟರೆ, ಅದು ದಣಿಯದೆ ಅದನ್ನೇ ಬಾರಿಸುತ್ತಾ ಹೋಗುತ್ತದೆ. ಹಿಂದೂಸ್ತಾನಿ ಕಲಿಯುವ ಮಕ್ಕಳಿಗೆ ಥಟ್ಟನೆ ಹೊಳೆದಿರಬೇಕು: ತೀನ್‌ತಾಲಕ್ಕೂ 16 ಮಾತ್ರೆ!

ಇನ್ನೊಂದು ಯಂತ್ರ ಟಿಬಿ-303. ಗಿಟಾರು ನುಡಿಸುವವರಿಗೆ ಜೊತೆಗೊಂದು ತಗ್ಗು ದನಿ ಇರಲಿ ಎಂದು ಮಾಡಿದ್ದು ಅದು. ಅದಕ್ಕೆ ಒಂದು ವಿಶೇಷ ಗುಣವಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಟಕ್ಕನೆ ಹಾರುವ ಬದಲು ಜಾರಿಕೊಂಡು ಹೋಗಬಲ್ಲದು. ನಮ್ಮ ಸಂಗೀತದಲ್ಲಿ ಅದಕ್ಕೆ ಮೀಂಡ್ ಎನ್ನುತ್ತಾರೆ, ಜಾರು ಎನ್ನುತ್ತಾರೆ. ಜಪಾನಿನ ಎಂಜಿನಿಯರುಗಳು ಯಮನ್ ರಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಮಾಡಿರಲಿಕ್ಕಿಲ್ಲ. ಆದರೆ ಸಿಂಗ್ ಅವರಿಗೆ ಅದರಲ್ಲಿ ರಾಗ ಕೇಳಿಸಿತು. ತಬಲಾ ಬದಿಗಿಟ್ಟು, ಯಂತ್ರದ ತಾಳಕ್ಕೆ ಯಮನ್, ತೋಡಿ, ಲಲಿತ್, ಭೂಪಾಲಿ, ಮಾಲಕಂಸ್ ಎಂದು ಹತ್ತು ರಾಗ ನುಡಿಸಿದರು. 1982ರಲ್ಲಿ ತಟ್ಟೆ ಹೊರಬಂತು. ಹೆಸರೇ ಡಿಸ್ಕೋ ತಾಳಕ್ಕೆ ಹತ್ತು ರಾಗಗಳು ಎಂಬ ಅರ್ಥದ್ದು.

ಕೊಂಡವರು ಬಹಳ ಕಡಿಮೆ. ಡಿಸ್ಕೋ ಬೇಕಿದ್ದವರಿಗೆ ಅದರಲ್ಲಿ ಹಾಡಿರಲಿಲ್ಲ, ಕುಣಿಯುವ ನಾಯಕನಿರಲಿಲ್ಲ. ರಾಗ ಬೇಕಿದ್ದವರಿಗೆ ಸಾವಕಾಶವಾದ ಆಲಾಪವಿರಲಿಲ್ಲ. ಎರಡೂ ಮನೆಯ ನೆಂಟ ಉಪವಾಸ ಬಿದ್ದ ಹಾಗಾಯಿತು.

ಅತ್ತ 303 ಯಂತ್ರದ ಹಣೆಬರಹವೂ ಅದೇ. ಗಿಟಾರು ನುಡಿಸುವವರು ಅದನ್ನು ಒಪ್ಪಲಿಲ್ಲ. ಕಂಪನಿ 1984ಕ್ಕೆ ತಯಾರಿಕೆ ನಿಲ್ಲಿಸಿತು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗತೊಡಗಿದ ಅದನ್ನು ಅಮೆರಿಕದ ಶಿಕಾಗೋ ನಗರದ ಹುಡುಗರು ಕೊಂಡು, ತಿರುಗಣೆಗಳನ್ನು ಮನಬಂದಂತೆ ತಿರುಗಿಸಿ ಹೊಸ ಬಗೆಯ ಕುಣಿತದ ಸಂಗೀತ ಮಾಡಿದರು. ಆಸಿಡ್ ಹೌಸ್ ಎಂಬ ಆ ಸಂಗೀತದ ಮೊದಲ ಪ್ರಸಿದ್ಧ ತಟ್ಟೆ ಬಂದದ್ದು 1987ರಲ್ಲಿ.

2002ರಲ್ಲಿ ನೆದರ್ಲೆಂಡ್ಸಿನ ಒಬ್ಬ ತಟ್ಟೆ ಸಂಗ್ರಾಹಕರಿಗೆ ಭಾರತದಲ್ಲಿ ಸಿಂಗ್ ಅವರ ತಟ್ಟೆ ಸಿಕ್ಕಿತು. ಕೇಳಿದರೆ ಶಿಕಾಗೋದ ಸಂಗೀತದಂತೆಯೇ ಇದೆ, ಇಸವಿ ನೋಡಿದರೆ ಐದು ವರ್ಷ ಹಿಂದಿನದು! 2010ರಲ್ಲಿ ಅವರು ಅದನ್ನು ಮತ್ತೆ ಹೊರತಂದರು. ಆಗ ಕೇಳುಗರು ಪಂಗಡಗಳಾದರು. ಇದು ಸುಳ್ಳು, ಈಗಿನವರು ಯಾರೋ ತಮಾಷೆಗೆ ಮಾಡಿ ಹಳೆಯದೆಂದು ನಂಬಿಸುತ್ತಿದ್ದಾರೆ ಎಂದರು ಕೆಲವರು. ಆಸಿಡ್ ಹೌಸ್ ಹುಟ್ಟಿದ್ದೇ ಮುಂಬೈಯಲ್ಲಿ ಎಂದು ಇನ್ನು ಕೆಲವರು. ಮೊದಲನೆಯದು ನಿಜವಲ್ಲ, ತಟ್ಟೆ 1982ರದ್ದೇ. ಎರಡನೆಯದನ್ನೂ ನಾನು ಒಪ್ಪುವುದಿಲ್ಲ. ಶಿಕಾಗೋದವರು ಇದನ್ನು ಕೇಳಿ ಕಲಿತರು ಎನ್ನಲು ಆಧಾರವಿಲ್ಲ. ಒಂದೇ ಯಂತ್ರ ಎರಡು ಊರಿನಲ್ಲಿ ಇಬ್ಬರ ಕೈಗೆ ಸಿಕ್ಕಿ ಹತ್ತಿರ ಹತ್ತಿರದ ದನಿ ಹೊರಡಿಸಿತು, ಅಷ್ಟೆ.

ಈ ಅಂಕಣಕ್ಕಾಗಿ ಮನೆಯಲ್ಲಿ ಮಾಲಕಂಸ್ ಹಾಕಿದೆ. ವೀಣೆ ಕಲಿತ ನಮ್ಮ ಅತ್ತೆ ಅಡುಗೆಮನೆಯಿಂದಲೇ, “ಇದು ಹಿಂದೋಳ ಅಲ್ವೇನೇ?” ಎಂದರು. ಸರಿಯೇ, ಹಿಂದೂಸ್ತಾನಿಯ ಮಾಲಕಂಸ್ ಕರ್ನಾಟಕ ಸಂಗೀತದ ಹಿಂದೋಳಕ್ಕೆ ಸಮ. ಎರಡು ನಿಮಿಷ ಕಳೆಯುವಷ್ಟರಲ್ಲಿ, “ಇದಕ್ಕೆ ಉಸಿರು ಬಿಡೋಕೂ ಪುರುಸೊತ್ತಿಲ್ಲವಲ್ಲ, ನಿಲ್ಲಿಸು ಮಾರಾಯ್ತಿ” ಎಂದರು. ಏಳನೇ ತರಗತಿಯ ಮೊಮ್ಮಗ, “ಬೇಡ ಅಜ್ಜಿ, ಗೇಮ್ ಮ್ಯೂಸಿಕ್ ಥರ ಸೂಪರ್ ಆಗಿದೆ” ಎಂದ. ನಾನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ, “ಮುತ್ತಜ್ಜಿ, ಹಿಂದೋಳ ಅಂತ ಹೇಗೆ ಗೊತ್ತಾಯ್ತು?” ಎಂದು ಕೇಳಿದ. ಅತ್ತೆ ಕೈ ಒರೆಸಿಕೊಂಡು ಬಂದು ಸ ಗ ಮ ದ ನಿ ಸ ಹಾಡಿ ತೋರಿಸಿದರು. “ರಿ, ಪ ಎರಡೂ ಇಲ್ಲ ನೋಡು” ಎಂದರು. ಅವನು ಯಂತ್ರದ ದನಿಯಲ್ಲಿ ರಿ, ಪ ಹುಡುಕುತ್ತಾ ಕೊನೆಯವರೆಗೂ ಕೇಳಿದ.

ನನ್ನ ಅಭಿಪ್ರಾಯ ಕೇಳಿದರೆ, ಅತ್ತೆಯ ದೂರಿನಲ್ಲಿ ಹುರುಳಿದೆ. ರಾಗ ಅರಳಲು ಸಮಯ ಬೇಕು. ಇಲ್ಲಿ ಒಂದೊಂದು ರಾಗಕ್ಕೆ ಐದು ನಿಮಿಷದಷ್ಟೇ ಅವಕಾಶ, ತಾಳವೋ ಒಂದೇ ಓಟ. ಹತ್ತನ್ನೂ ಒಟ್ಟಿಗೆ ಕೇಳಿದರೆ ನನಗೂ ಸುಸ್ತಾಗುತ್ತದೆ. ಆದರೆ ಆ ಓಟದಲ್ಲೂ ರಾಗದ ಗುರುತು ಅಳಿಸಿಲ್ಲ. ಅಡುಗೆಮನೆಯಲ್ಲಿದ್ದವರಿಗೇ ಅದು ತಿಳಿಯಿತಲ್ಲ!

ತಟ್ಟೆ ಮಾರಾಟವಾಗದಿದ್ದರೂ ಸಿಂಗ್ ವಾದ್ಯ ಬಿಡಲಿಲ್ಲ. ಮದುವೆ, ಸಮಾರಂಭಗಳಲ್ಲಿ ನುಡಿಸಿದರು. ಎಪ್ಪತ್ತು ದಾಟಿದ ಮೇಲೆ ಯೂರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿದರು; ಮುಂದೆ ನಿಂತು ಕುಣಿದವರಲ್ಲಿ ತಟ್ಟೆ ಬಂದಾಗ ಹುಟ್ಟಿಯೇ ಇರದಿದ್ದ ಹುಡುಗರೂ ಇದ್ದರು. 2015ರಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಈ ವಾರದ ಕೆಲಸ: ಮಕ್ಕಳು ತಮಗಿಷ್ಟವಾದ ಒಂದು ಹಾಡನ್ನು ಹಿರಿಯರಿಗೆ ಕೇಳಿಸಬೇಕು, ಹಿರಿಯರು ತಮ್ಮದೊಂದನ್ನು ಮಕ್ಕಳಿಗೆ. ಮಧ್ಯದಲ್ಲಿ ನಿಲ್ಲಿಸುವಂತಿಲ್ಲ. ಮುಗಿದ ಮೇಲೆ ಚೆನ್ನಾಗಿಲ್ಲ ಎನ್ನಬಹುದು, ಆದರೆ ಯಾಕೆಂದು ಹೇಳಬೇಕು. ಏನಾಯಿತೆಂದು ನನಗೆ ಬರೆಯಿರಿ. ಜಗಳವಾದರೆ ಅದನ್ನೂ ಬರೆಯಿರಿ.