ಬೆನ್ನು ಹತ್ತಿದ ಬೆನ್ನುನೋವು



ಕಳೆದ ಸಂಚಿಕೆಯಲ್ಲಿ ನಿಂಬೆಹಣ್ಣಿನ ಉಪ್ಪಿನಕಾಯಿಯ ವಿಷಯ ಬರೆದಿದ್ದೆನಲ್ಲ, ಆ ನಿಂಬೆಹಣ್ಣುಗಳನ್ನು ಹೆಚ್ಚಿದ್ದು ನಾನಲ್ಲ, ನಮ್ಮ ಮನೆಯವರು ಎಂದರೆ ನಂಬುತ್ತೀರಾ? ಅದಕ್ಕೊಂದು ಕಾರಣವಿದೆ. ಆ ಕಾರಣವನ್ನು ಆರು ತಿಂಗಳಿಂದ ಬೆನ್ನ ಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದೇನೆ. ಇವತ್ತು ಅದನ್ನು ನಿಮ್ಮ ಮುಂದೆ ಇಳಿಸುತ್ತೇನೆ.

ವಿಷಯ ಇಷ್ಟು. ನಲವತ್ತನಾಲ್ಕು ತುಂಬಿದ ಮೇಲೆ ನಾನು ಜಿಮ್‌ಗೆ ಸೇರಿದೆ. ನಗಬೇಡಿ! ಮೈಸೂರಿನ ನಮ್ಮ ಬಡಾವಣೆಯಲ್ಲಿ ಹೆಂಗಸರಿಗೆಂದೇ ಒಂದು ಜಿಮ್ ತೆರೆದಿದ್ದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಅಂಚಿಗೆ ಬಂದಿದೆ ಎಂದು ಡಾಕ್ಟರು ಎಚ್ಚರಿಸಿದ್ದರು. "ಮನೆಗೆಲಸಕ್ಕಿಂತ ದೊಡ್ಡ ವ್ಯಾಯಾಮ ಯಾವುದಮ್ಮ?" ಎಂದರು ಅತ್ತೆಯವರು. "ಈ ವಯಸ್ಸಲ್ಲಿ ಕಬ್ಬಿಣ ಎತ್ತೋದು ಬೇಕಾ?" ಎಂದರು ನಮ್ಮ ಮನೆಯವರು. ನಾನು ಹಟ ಹಿಡಿದೆ. ಮದುವೆಯಾದಾಗಿನಿಂದ ದಿನಕ್ಕೊಂದು ಗಂಟೆ ನನ್ನದೇ ಎಂದು ಸಿಕ್ಕಿದ್ದು ಅದೇ ಮೊದಲು.

ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಶ್ರಾವಣದ ಒಂದು ದಿನ ಎಡವಟ್ಟಾಯಿತು. ಮೇಲೆ ನೇತಾಡುವ ಸರಳನ್ನು ಎರಡೂ ಕೈಯಿಂದ ಹಿಡಿದು ಕೆಳಕ್ಕೆಳೆಯುವ ಯಂತ್ರವೊಂದಿದೆ. ನಾನು ಎಳೆಯುತ್ತಿದ್ದುದು 15 ಕೆ.ಜಿ. ಪಕ್ಕದಲ್ಲಿದ್ದಾಕೆ 25 ಕೆ.ಜಿ. ಎಳೆಯುತ್ತಿದ್ದರು. ಅವರಿಗಾದದ್ದು ನನಗೇಕೆ ಆಗದು ಎಂದು ನಾನೂ 25ಕ್ಕೆ ಇಟ್ಟೆ. ಅದೂ ಸರಳನ್ನು ಎದೆಯ ಮುಂದಕ್ಕಲ್ಲ, ಕತ್ತಿನ ಹಿಂದಕ್ಕೆ ಎಳೆದೆ. ಬೆನ್ನುಮೂಳೆಗೂ ಬಲ ಹೆಗಲ ಹಿಂದಿನ ಚಪ್ಪಟೆ ಮೂಳೆಗೂ ನಡುವೆ ಚಳಕ್ ಎಂದಿತು. ಉಸಿರು ಎಳೆದರೂ ನೋವು.

ನಮ್ಮ ತಂದೆ ಚಿಕ್ಕವರಿದ್ದಾಗ ಗರಡಿಗೆ ಹೋಗಿ ಸಾಮು ಮಾಡಿದವರು. ಮೊದಲ ದಿನವೇ ಯಾರ ಕೈಗೂ ಗದೆ ಕೊಡುತ್ತಿರಲಿಲ್ಲ ಎಂದು ಹೇಳುತ್ತಿದ್ದರು. ಅವರ ಮಗಳಾಗಿ ನನಗೆ ಅದು ನೆನಪಾಗಲಿಲ್ಲ ನೋಡಿ.

ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ನಿಜವಾದ ತಪ್ಪು ಮಾಡಿದ್ದು ಮನೆಗೆ ಬಂದ ಮೇಲೆ. ಬಾಯಿ ಬಿಡಲಿಲ್ಲ. "ನಾನು ಆಗಲೇ ಹೇಳಿರಲಿಲ್ವಾ?" ಎಂಬ ಮಾತು ಕೇಳುವುದಕ್ಕಿಂತ ನೋವೇ ವಾಸಿ ಎನ್ನಿಸಿತು. ಮೂರು ವಾರ ಹಲ್ಲು ಕಚ್ಚಿಕೊಂಡು ಜಿಮ್‌ಗೂ ಹೋದೆ. ಗೌರಿ ಹಬ್ಬಕ್ಕೆ ಕಡುಬನ್ನೂ ಮಾಡಿದೆ, ತುಂಬಿದ ಬಕೆಟ್ಟುಗಳನ್ನೂ ಎತ್ತಿದೆ. ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ಬ್ಲೌಸಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ನುಂಗಿದೆ. ಹೊಟ್ಟೆ ಉರಿ ಶುರುವಾಯಿತೇ ಹೊರತು ನೋವು ಹೋಗಲಿಲ್ಲ.

ದಸರಾ ಹೊತ್ತಿಗೆ ತಲೆ ಬಾಚಲು ಕೈ ಎತ್ತುವುದೂ ಕಷ್ಟವಾಗಿ ಗುಟ್ಟು ರಟ್ಟಾಯಿತು. ಆಮೇಲೆ ಕೇಳಬೇಕೆ? ಒಬ್ಬರು ಎಣ್ಣೆ ತಿಕ್ಕಿದರು. ಇನ್ನೊಬ್ಬರು, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂದು ಒಬ್ಬ ಹುಡುಗನನ್ನೇ ಕರೆತಂದರು. ಪಾಪ, ಅವನು ನನಗಿಂತ ಹೆಚ್ಚು ಹೆದರಿದ್ದ! ಕೊನೆಗೆ ಎಲ್ಲರೂ ಸೇರಿ ಮಲಗಿಸಿದರು. ಹದಿನೈದು ದಿನ ಮಲಗಿದ್ದೇ ಮಲಗಿದ್ದು. ಎದ್ದಾಗ ಬೆನ್ನು ಹಲಗೆಯಂತೆ ಬಿಗಿದಿತ್ತು.

ಆಮೇಲೆ ಆಸ್ಪತ್ರೆ, ಎಕ್ಸ್‌ರೇ. "ಮೂಳೆಗೆ ಏನೂ ಆಗಿಲ್ಲ" ಎಂದರು. ಮನೆಗೆ ಬರುವಷ್ಟರಲ್ಲಿ ಆ ಮಾತಿನಿಂದ 'ಮೂಳೆಗೆ' ಎಂಬುದು ಉದುರಿಹೋಗಿ 'ಏನೂ ಆಗಿಲ್ಲ' ಎಂಬುದಷ್ಟೇ ಉಳಿಯಿತು. ಆ ರಾತ್ರಿ ನಾನು ಅತ್ತೆ. ನೋವಿಗಲ್ಲ, ಯಾರೂ ನಂಬುತ್ತಿಲ್ಲವಲ್ಲ ಎಂದು.

ನಿಮ್ಮಲ್ಲಿಯೂ ಹಲವರು ಹೀಗೆ ಅತ್ತಿರಬಹುದು. ಅದಕ್ಕೇ ಹೇಳುತ್ತೇನೆ: ಎಕ್ಸ್‌ರೇ ತೋರಿಸುವುದು ಮುಖ್ಯವಾಗಿ ಮೂಳೆಯನ್ನು. ಸ್ನಾಯುವಿನ ಸೆಳೆತ ಅದರಲ್ಲಿ ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ನೋವು ಸುಳ್ಳಲ್ಲ.

ಆ ಡಾಕ್ಟರೇ ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಹೆಣ್ಣುಮಗಳು ತಾಳ್ಮೆಯಿಂದ ತಿಳಿಸಿ ಹೇಳಿದಳು. ಕತ್ತಿನಲ್ಲಿ 7, ಮೇಲ್ಬೆನ್ನಿನಲ್ಲಿ 12, ಸೊಂಟದಲ್ಲಿ 5 ಬೆನ್ನೆಲುಬಿನ ಮಣಿಗಳಿವೆ. ಮೇಲ್ಬೆನ್ನಿನ 12ಕ್ಕೂ ಪಕ್ಕೆಲುಬುಗಳ ಆಸರೆಯಿದೆ. ಆದ್ದರಿಂದ ಸೊಂಟದಲ್ಲಿ ಆಗುವಷ್ಟು ಸುಲಭವಾಗಿ ಅಲ್ಲಿ ಡಿಸ್ಕ್ ಜಾರುವುದಿಲ್ಲ. ನೋಯುವುದು ಹೆಚ್ಚಾಗಿ ಹೆಗಲನ್ನು ಹಿಂದಕ್ಕೆಳೆಯುವ ಸ್ನಾಯುಗಳು ಮತ್ತು ಕೀಲುಗಳು. ಸಾಮಾನ್ಯ ಸೆಳೆತ ಕೆಲವು ವಾರಗಳಲ್ಲಿ ಮಾಯುತ್ತದೆ. "ಹಾಗಾದರೆ ಮೂರು ತಿಂಗಳಾದರೂ ನನಗೇಕೆ ಹೋಗಿಲ್ಲ?" ಎಂದೆ.

"ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತಲ್ಲ ಆಂಟಿ?" ಎಂದಳು. ಸುಡುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಬೆಕ್ಕು, ಆಮೇಲೆ ಆರಿದ ಹಾಲು ಕಂಡರೂ ಓಡಿತಂತೆ. ನಮ್ಮ ನರಗಳೂ ಹಾಗೆಯೇ. ಪೆಟ್ಟು ಮಾಯ್ದ ಮೇಲೂ ಸ್ವಲ್ಪ ಅಲುಗಿದರೆ ಸಾಕು, ಅಪಾಯ ಅಪಾಯ ಎಂದು ಕೂಗುತ್ತವೆ. ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಆ ಬಿಗಿತದಿಂದ ಮತ್ತೆ ನೋವು. ಬೆಕ್ಕಿಗೆ ಆರಿದ ಹಾಲನ್ನು ಚೂರುಚೂರೇ ಕುಡಿಸಿ ಭಯ ಬಿಡಿಸಬೇಕು. ಪೂರ್ತಿ ಮಲಗುವುದೂ ತಪ್ಪು, ಹಲ್ಲು ಕಚ್ಚಿ ಎಳೆಯುವುದೂ ತಪ್ಪು. ಎರಡನ್ನೂ ಮಾಡಿ ಕೆಟ್ಟವಳು ನಾನು.

ನನಗೆ ಹೇಳಿಕೊಟ್ಟದ್ದನ್ನು ಬರೆಯುತ್ತೇನೆ. ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿಯೇ ಶುರುಮಾಡಿ.

1. ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು, ಹೆಗಲ ಹಿಂದಿನ ಎರಡು ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತನ್ನಿ. ಐದು ಎಣಿಸಿ ಬಿಡಿ. ಹತ್ತು ಸಲ. ಭುಜ ಕಿವಿಯತ್ತ ಏರಬಾರದು.

2. ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು, ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿ. ಐದೈದು ಸಲ.

3. ಗೋಡೆಯಿಂದ ಒಂದು ಮೊಳ ದೂರ ನಿಂತು, ಅಂಗೈಗಳನ್ನು ಗೋಡೆಗೆ ಊರಿ, ಮೊಣಕೈ ಮಡಚಿ ಮುಂದಕ್ಕೆ ಬಾಗಿ ಮತ್ತೆ ಹಿಂದಕ್ಕೆ ಬನ್ನಿ. ಎಂಟು ಸಲ.

4. ದಿನಾ 20 ನಿಮಿಷ ಕೈ ಬೀಸಿಕೊಂಡು ನಡೆಯಿರಿ.

ಮಾಡುವಾಗ ಸ್ವಲ್ಪ ನೋವಾದರೆ ಗಾಬರಿ ಬೇಡ. ಮಾರನೆಯ ಬೆಳಗ್ಗೆಗೆ ಇಳಿದಿದ್ದರೆ ಅಳತೆ ಸರಿಯಿದೆ ಎಂದರ್ಥ. ಇಳಿಯದಿದ್ದರೆ ಅರ್ಧಕ್ಕೆ ಇಳಿಸಿ. ಬಿಗಿತ ಹೆಚ್ಚಿದ್ದಾಗ ಬಿಸಿನೀರಿನ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ 15 ನಿಮಿಷ ಇಡಿ. ಒಂದು ಪಕ್ಕಕ್ಕೆ ಮಲಗುವವರು ಎದೆಗೊಂದು ದಿಂಬು ತಬ್ಬಿಕೊಂಡರೆ ಮೇಲಿನ ಹೆಗಲು ಮುಂದಕ್ಕೆ ಜೋತು ಬೀಳುವುದಿಲ್ಲ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನೋವಿಗೂ ದಿನಾ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕತೊಡಗಿದೆ. ಇದರಿಂದ ಒಂದು ಸ್ವಾರಸ್ಯ ತಿಳಿಯಿತು. ವ್ಯಾಯಾಮದ ದಿನಗಳಲ್ಲಿ ನೋವು ಏರುತ್ತಿರಲಿಲ್ಲ. ಏರುತ್ತಿದ್ದುದು ಎರಡು ಗಂಟೆ ತಲೆ ಬಗ್ಗಿಸಿ ಅವರೆಕಾಳು ಹಿತುಕಿದ ದಿನ! ನಮ್ಮ ತಲೆಯೇ ಸುಮಾರು 5 ಕೆ.ಜಿ. ಭಾರವಿದೆ. ಬಗ್ಗಿದಷ್ಟೂ ಅದರ ಹೊರೆ ಕತ್ತಿಗೂ ಮೇಲ್ಬೆನ್ನಿಗೂ ಏರುತ್ತದೆ. ಈಗ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುತ್ತೇನೆ. ಹಿತಕಿದ ಬೇಳೆ ಸಾರು ಬೇಕೆನ್ನುವವರೆಲ್ಲ ಹಿತುಕಲು ಕೂರಬೇಕೆಂದು ಮನೆಯಲ್ಲಿ ಕಾನೂನೇ ಆಗಿದೆ. ತುಂಬಿದ ಬಕೆಟ್ಟನ್ನು ಎರಡು ಅರ್ಧ ಬಕೆಟ್ಟಾಗಿ ಒಯ್ಯುತ್ತೇನೆ. ತುಂಬಿದ ಗ್ಯಾಸ್ ಸಿಲಿಂಡರು ಸುಮಾರು 30 ಕೆ.ಜಿ. ತೂಗುತ್ತದೆ. ಅದನ್ನು ನಾನು ಮುಟ್ಟುವುದೇ ಇಲ್ಲ.

ಇನ್ನು ಅಸಡ್ಡೆ ಮಾಡಬಾರದ ಮಾತು. ಮೇಲ್ಬೆನ್ನಿನ ನೋವೆಲ್ಲ ಸ್ನಾಯುವಿನದ್ದಲ್ಲ. ಹೆಂಗಸರಲ್ಲಿ ಹೃದಯಾಘಾತವೂ ಬೆನ್ನು, ದವಡೆ, ಕೈಗಳ ನೋವಾಗಿ ಬರಬಹುದು. ಇದ್ದಕ್ಕಿದ್ದಂತೆ ನೋವು ಬಂದು, ಎದೆ ಭಾರ, ಉಬ್ಬಸ, ತಣ್ಣನೆ ಬೆವರು, ವಾಕರಿಕೆ ಕಂಡರೆ ಎಣ್ಣೆ ತಿಕ್ಕುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಕಾಲು ಜೋಮು ಹಿಡಿದು ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಆಗಲೂ ತಡ ಮಾಡದೆ ಆಸ್ಪತ್ರೆಗೆ ಓಡಿ. ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ರಾತ್ರಿ ಮಲಗಿದರೂ ನೋವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದರಿಂದ ಸಣ್ಣದಾಗಿ ಬಿದ್ದರೂ ಮಣಿ ಮುರಿಯಬಹುದು. ನೋವಿನ ಮಾತ್ರೆಗಳನ್ನು ನನ್ನಂತೆ ಕದ್ದು ನುಂಗಬೇಡಿ. ಹೊಟ್ಟೆ, ಮೂತ್ರಪಿಂಡ, ರಕ್ತದೊತ್ತಡ ಮೂರಕ್ಕೂ ಅವು ಕೆಡುಕು ಮಾಡಬಹುದು.

ಒಂದು ಸಂಜೆ ಗೋಡೆಗೆ ಕೈ ಊರಿ ವ್ಯಾಯಾಮ ಮಾಡುತ್ತಿದ್ದೆ. ಅತ್ತೆಯವರು ಬಂದು ಪಕ್ಕದಲ್ಲಿ ನಿಂತರು. ನನ್ನ ಬೆನ್ನಿನ ಅದೇ ಜಾಗವನ್ನು ಬೆರಳಿಂದ ಮುಟ್ಟಿ, "ನನಗೂ ಇಲ್ಲೇ ಇತ್ತು ಕಣಮ್ಮ. ಬಾವಿಯಿಂದ ನೀರು ಸೇದಿ ಸೇದಿ ಬಂದಿದ್ದು. ಯಾರಿಗೆ ಹೇಳೋದು? ಹೇಳಿದ್ರೆ ಕೆಲಸಗಳ್ಳಿ ಅಂತಿದ್ರು" ಎಂದರು. ಎಷ್ಟು ವರ್ಷ ಇತ್ತು ಎಂದು ಕೇಳಿದೆ. "ಲೆಕ್ಕ ಇಟ್ಟೋರು ಯಾರು?" ಎಂದು ಒಳಗೆ ಹೋದರು. ಮಾರನೆಯ ದಿನದಿಂದ ಅವರೂ ನನ್ನ ಜೊತೆ ಕುಳಿತು ಹೆಗಲು ಹಿಂದಕ್ಕೆಳೆಯುತ್ತಾರೆ, ಎಣಿಕೆ ಮಾತ್ರ ಅವರದೇ!

ನೋವು ಪೂರ್ತಿ ಹೋಯಿತೇ ಎಂದು ಕೇಳುತ್ತೀರಿ. ಇಲ್ಲ. ಏಳಿದ್ದದ್ದು ಎರಡಕ್ಕೆ ಬಂದಿದೆ. ಜಿಮ್‌ಗೂ ಮತ್ತೆ ಹೋಗುತ್ತಿದ್ದೇನೆ. 5 ಕೆ.ಜಿ.ಯಿಂದ ಶುರುಮಾಡಿ, ಸರಳನ್ನು ಎದೆಯ ಮುಂದಕ್ಕೇ ಎಳೆಯುತ್ತ ಈಗ 10ಕ್ಕೆ ಬಂದಿದ್ದೇನೆ. ಪಕ್ಕದಾಕೆ ಎಷ್ಟು ಎಳೆಯುತ್ತಾರೆ ಎಂದು ತಿರುಗಿ ನೋಡುವುದಿಲ್ಲ.

ಪೆಟ್ಟಾದದ್ದು ವ್ಯಾಯಾಮ ಮಾಡಿದ್ದಕ್ಕೆ ಶಿಕ್ಷೆಯಲ್ಲ. ನಿಮ್ಮ ಬೆನ್ನೂ ನೋಯುತ್ತಿದ್ದರೆ ಬಚ್ಚಿಡಬೇಡಿ. ಇವತ್ತು ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಹೇಳಿಬಿಡಿ. ಒಂದು ಮಾತು ಕೇಳಬೇಕಾಗಿ ಬಂದರೆ ಕೇಳಿಕೊಳ್ಳಿ. ಆಮೇಲೆ ಬಕೆಟ್ಟನ್ನು ಅವರ ಕೈಗೆ ಕೊಡಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.