ಚಿತ್ರಕಲೆಯ ತರಗತಿಯಲ್ಲಿ ಸುತ್ತಿಗೆಯ ಸದ್ದು



ನಮ್ಮ ರಾಜರಾಜೇಶ್ವರಿನಗರದಲ್ಲಿ ಶಾಲೆಗಳಿಗೆ ಕೊರತೆಯಿಲ್ಲ. ಅವುಗಳ ಕರಕುಶಲ ಪ್ರದರ್ಶನಕ್ಕೆ ಕರೆ ಬಂದರೆ ನಾನು ತಪ್ಪಿಸುವವನಲ್ಲ. ಮೇಜಿನ ಮೇಲೆ ಕಾಗದದ ಸುರುಳಿಯ ಜುಮುಕಿ, ರೇಷ್ಮೆದಾರ ಸುತ್ತಿದ ಬಳೆ, ಪ್ಲಾಸ್ಟಿಕ್ ಮಣಿಯ ಸರ. ಅಂದವಾಗಿಯೇ ಇರುತ್ತವೆ. ಆದರೆ ಅಂಗಡಿಯ ಕಿಟ್ ತಂದು ಅಂಟಿಸಿದ್ದಕ್ಕೆ 'ಆಭರಣ ತಯಾರಿಕೆ' ಎಂಬ ಫಲಕ ತೂಗುಹಾಕುವುದು ನನಗೆ ಒಪ್ಪಿಗೆಯಾಗದು. ಪ್ರೌಢಶಾಲೆಯ ಮಕ್ಕಳಿಗೆ ಚಿತ್ರಕಲೆಯ ಅವಧಿಯಲ್ಲಿ ತಾಮ್ರದ ತಗಡು, ತಂತಿ, ಅರ, ಸುತ್ತಿಗೆ ಕೊಡಬೇಕೆಂಬುದು ನನ್ನ ವಾದ.

ಲೋಹಗಳು ತನ್ಯ, ಕುಟ್ಯ ಎಂದು ವಿಜ್ಞಾನದ ಪುಸ್ತಕ ಹೇಳುತ್ತದೆ. ಮಕ್ಕಳು ಕಂಠಪಾಠ ಮಾಡಿ ಅಂಕ ಗಳಿಸುತ್ತಾರೆ. ತಾಮ್ರದ ತಂತಿಯನ್ನು ಹತ್ತಾರು ಸಲ ಬಗ್ಗಿಸಿ ನೋಡಿದ ಹುಡುಗಿಗೆ ಅದರಾಚೆಯದೂ ತಿಳಿಯುತ್ತದೆ. ಬಗ್ಗಿಸಿದಷ್ಟೂ, ಬಡಿದಷ್ಟೂ ಲೋಹ ಗಡುಸಾಗುತ್ತ ಹೋಗಿ ಕೊನೆಗೆ ಬಿರಿಯುತ್ತದೆ. ನಡುವೆ ಮಂದವಾಗಿ ಕೆಂಪಾಗುವವರೆಗೆ ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರ ಹಾಗಾಗುವುದಿಲ್ಲ. ಏಕೆಂದು ಅವಳು ಕೇಳಿದಳೋ, ವಿಜ್ಞಾನದ ಮೇಷ್ಟ್ರಿಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ.

ನಮ್ಮ ನಾಡಿನ ಬಿದರಿ ಕಲೆಯನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಯಲ್ಲಿ ಬೀದರಿನ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿ ದ್ರಾವಣದಲ್ಲಿ ಅದ್ದಿದಾಗ ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಚಿತ್ರಕಲೆ, ರಸಾಯನಶಾಸ್ತ್ರ, ಇತಿಹಾಸ ಮೂರೂ ಒಂದೇ ಹೂದಾನಿಯಲ್ಲಿವೆ. ಈ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರು ಕಸುಬು ಕಲಿತದ್ದು ತಮ್ಮ ತಂದೆಯವರಿಂದ.

ನನ್ನ ಕಳವಳ ಇರುವುದು ಅಲ್ಲಿಯೇ. ಇಂಥ ವಿದ್ಯೆಗಳೆಲ್ಲ ನಮ್ಮಲ್ಲಿ ಮನೆಯೊಳಗೆ, ಕುಲದೊಳಗೆ ಉಳಿದವು. ಹೊರಗಿನ ಮಗುವಿಗೆ ಬಾಗಿಲು ತೆರೆಯಲಿಲ್ಲ. 1963ರಲ್ಲಿ ಚಿನ್ನ ನಿಯಂತ್ರಣದ ಕಟ್ಟಳೆ ಬಂದು 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡುವುದು ನಿಷಿದ್ಧವಾದಾಗ ದೇಶದಲ್ಲಿ ಎಷ್ಟೋ ಅಕ್ಕಸಾಲಿಗರ ಕುಟುಂಬಗಳು ಬೀದಿಗೆ ಬಿದ್ದವು. ನಿಯಂತ್ರಣದ ಕಾಯಿದೆ ಪೂರ್ತಿಯಾಗಿ ರದ್ದಾದದ್ದು 1990ರಲ್ಲಿ. ಅಂಥ ಮನೆಯ ತಂದೆ ತನ್ನ ಮಗ ಊದುಗೊಳವೆ ಹಿಡಿಯುವುದು ಬೇಡವೆಂದರೆ ತಪ್ಪೆನ್ನಲಾದೀತೆ? ಇಂದು ನಗರ್ತಪೇಟೆಯ ಗಲ್ಲಿಗಳಲ್ಲಿ ಬಂಗಾಳದಿಂದ ಬಂದ ಕುಶಲಕರ್ಮಿಗಳು ಬಗ್ಗಿ ಕುಳಿತು ದುಡಿಯುತ್ತಿದ್ದಾರೆ. ಕುಲಕಸುಬನ್ನು ಕುಲದ ಮಕ್ಕಳ ಹೆಗಲಿಗೇ ಮತ್ತೆ ಹೊರಿಸಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲರ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಅದನ್ನು ಕಲಿಯಬಹುದಾದ ಜಾಗ ಶಾಲೆಯೊಂದೇ.

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡನೆಂದು ನಮ್ಮ ಗಾದೆ ಹಂಗಿಸುತ್ತದೆ. ಒಡವೆ ಅಂಗಡಿಯಲ್ಲಿ 'ವೇಸ್ಟೇಜ್' ಎಂದೊಡನೆ ನಮ್ಮ ಹುಬ್ಬು ಮೇಲೇರುತ್ತದೆ. (ನಮ್ಮ ಮನೆಯವರದಂತೂ ಹಣೆಯ ತುದಿಗೇ!) ತಾನೇ ಒಂದು ಉಂಗುರವನ್ನು ಅರದಿಂದ ಉಜ್ಜಿದ ಮಗು, ಕೆಳಗೆ ಹಾಸಿದ ಕಾಗದದ ಮೇಲೆ ಬಿದ್ದ ಪುಡಿಯನ್ನು ತೂಗಿ ನೋಡಲಿ. ಎಷ್ಟು ಸವೆಯುತ್ತದೆ, ಅದರಲ್ಲಿ ಎಷ್ಟನ್ನು ಮತ್ತೆ ಕರಗಿಸಿಕೊಳ್ಳಬಹುದು ಎಂಬುದು ತಿಳಿಯುತ್ತದೆ. ಮುಂದೆ ಅಂಗಡಿಯವನನ್ನು ಪ್ರಶ್ನಿಸಬೇಕಾದಾಗ ಆ ಲೆಕ್ಕ ಕೈಯಲ್ಲಿರುತ್ತದೆ.

ಬೆಂಕಿಯ ಭಯ ನ್ಯಾಯವೇ. ಅರವತ್ತು ಮಕ್ಕಳ ತರಗತಿಯಲ್ಲಿ ಒಲೆ ಉರಿಸಿರೆಂದು ನಾನು ಹೇಳಲಾರೆ. ತಣ್ಣನೆಯ ಕೆಲಸದಿಂದ ತೊಡಗಲಿ: ತಗಡು ಕತ್ತರಿಸುವುದು, ಉಬ್ಬುಚಿತ್ತಾರ ಬಡಿಯುವುದು, ತಂತಿ ಹೆಣೆಯುವುದು. ಬಿಳಿಗಾರ ಹಚ್ಚಿ ಬೆಸುಗೆ ಹಾಕುವುದನ್ನು ಕಸುಬಿನವರೇ ಮಾಡಿ ತೋರಿಸಲಿ, ಹತ್ತು ಹತ್ತು ಮಕ್ಕಳು ಕಣ್ಣಿಗೆ ಕನ್ನಡಕ ಧರಿಸಿ ದೂರದಿಂದ ನೋಡಲಿ. ಕಸುಬಿನವರು ದೂರದಲ್ಲಿಯೂ ಇಲ್ಲ. ನಮ್ಮ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನದೇ ಚಿಕ್ಕಪೇಟೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯವರು 10 ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದಿತ್ತು. ಆ ನೀತಿಯ ಕುರಿತ ರಾಜಕೀಯ ಜಗಳ ಏನೇ ಇರಲಿ, ಈ ಹತ್ತು ದಿನಗಳ ಬಗೆಗೆ ಜಗಳವಾಡಲು ನನಗೆ ಕಾರಣ ಕಾಣುವುದಿಲ್ಲ. ಆದರೆ ಬಂದವರನ್ನು ವೇದಿಕೆಗೆ ಕರೆದು ಶಾಲು ಹೊದೆಸಿ ಕಳುಹಿಸಿದರೆ ಸಾಲದು. ಉಳಿದ ಅಧ್ಯಾಪಕರಿಗೆ ಕೊಡುವಂತೆ ಗಂಟೆಯ ಲೆಕ್ಕದಲ್ಲಿ ಸಂಭಾವನೆ ಕೊಡಬೇಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈ ಕಸುಬಿನ ಮನೆಯಿಂದ ಬಂದವರು ಕೆಲವರಿದ್ದೀರಿ. ಶಾಲೆಗೆ ಬಂದು ಕಲಿಸಲು ಮನಸ್ಸುಳ್ಳವರು ನನಗೆ ಬರೆಯಿರಿ, ಮುಖ್ಯೋಪಾಧ್ಯಾಯರ ಬಳಿ ನಾನೇ ಕರೆದುಕೊಂಡು ಹೋಗುತ್ತೇನೆ.